ಕಾಂಬೋಡಿಯಾಕ್ಕೆ ವಿದ್ಯಾರ್ಥಿಗಳ ಸೇವಾಯಾತ್ರೆ: ಮಕ್ಕಳನ್ನು ಕಳುಹಿಸುವ ಮನೆಯವರಿಗಾಗಿ ಒಂದು ವಿಮರ್ಶೆ

ಕಾಲೇಜು ವಿದ್ಯಾರ್ಥಿಗಳನ್ನು ರಜೆಯಲ್ಲಿ ಹೊರದೇಶಕ್ಕೆ ಕರೆದೊಯ್ದು, ಅಲ್ಲಿನ ನೊಂದ ಹೆಣ್ಣುಮಕ್ಕಳ ಮತ್ತು ಎಳೆಯ ಮಕ್ಕಳ ಸೇವೆಯಲ್ಲಿ ತೊಡಗಿಸುವ ಯಾತ್ರೆಗಳ ಕರಪತ್ರಗಳು ನಮ್ಮ ಕ್ರೈಸ್ತ ಸಭೆಗಳ ಸೂಚನಾಫಲಕದಲ್ಲಿ ಆಗಾಗ ಕಾಣಿಸುತ್ತವೆ. ಅಂಥದ್ದೊಂದು ತಂಡದ ಜೊತೆ, ಮಕ್ಕಳ ಜವಾಬ್ದಾರಿ ಹೊತ್ತ ಹಿರಿಯರಲ್ಲಿ ಒಬ್ಬಳಾಗಿ, ನಾನು ಮಂಗಳೂರಿನಿಂದ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ಗೆ ಹೋಗಿ ಬಂದೆ. ಯಾತ್ರೆಯನ್ನು ಏರ್ಪಡಿಸಿದ ಸಂಸ್ಥೆಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ನಾವು ಕೆಲಸ ಮಾಡಿದ ಕೇಂದ್ರದ ಹೆಸರನ್ನೂ ಹೇಳುವುದಿಲ್ಲ, ಏಕೆಂದರೆ ಅಲ್ಲಿಗೆ ಬರುವ ಹೆಂಗಸರ ವಿಳಾಸ ಬಹಿರಂಗವಾಗುವುದು ಅವರಿಗೇ ಅಪಾಯಕರ. ಐದು ಅಂಕಗಳಲ್ಲಿ ಈ ಯಾತ್ರೆಗೆ ನಾನು ಮೂರೂವರೆ ಕೊಡುತ್ತೇನೆ. ಬಹುಪಾಲು ಕಾರ್ಯಕ್ರಮವನ್ನು ನಾನು ಮನಸಾರೆ ಮೆಚ್ಚಿದ್ದೇನೆ. ಆದರೆ ಕೊನೆಯಲ್ಲಿ ಸೇರಿಸಿದ್ದ ಒಂದು ಭೇಟಿಯನ್ನು ಕೈಬಿಡುವವರೆಗೆ ಯಾವ ತಂದೆತಾಯಿಗೂ ಇದನ್ನು ನಿಶ್ಚಿಂತೆಯಿಂದ ಶಿಫಾರಸು ಮಾಡಲಾರೆ.

ಮೊದಲು ಪೂರ್ವಸಿದ್ಧತೆಯ ವಿಚಾರ. ಹೊರಡುವ ಮುನ್ನ ಹಲವು ವಾರಗಳ ಕಾಲ ಶನಿವಾರದ ತರಗತಿಗಳು ನಡೆದವು. ಹಿರಿಯರು, ವಿದ್ಯಾರ್ಥಿಗಳು ಎನ್ನದೆ ಎಲ್ಲರಿಂದಲೂ ಪೊಲೀಸ್ ಪರಿಶೀಲನಾ ಪತ್ರವನ್ನು ಕೇಳಿದರು. ಇದರಿಂದ ಕೆಲವು ಪೋಷಕರಿಗೆ ಬೇಸರವಾದರೂ ಸಂಸ್ಥೆ ಪಟ್ಟು ಸಡಿಲಿಸಲಿಲ್ಲ, ಮತ್ತು ಅದು ಸರಿಯಾದ ನಿಲುವು. ಮಕ್ಕಳ ರಕ್ಷಣೆಯ ನಿಯಮಗಳನ್ನು ಅಚ್ಚುಹಾಕಿ ಕೊಟ್ಟು, ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ, ಪ್ರತಿ ಪುಟಕ್ಕೂ ಸಹಿ ಹಾಕಿಸಿಕೊಂಡರು. ಯಾವ ಮಗುವಿನೊಡನೆಯೂ ಒಂಟಿಯಾಗಿ ಇರಬಾರದು, ಮಗುವನ್ನು ಎತ್ತಿಕೊಳ್ಳಬಾರದು, ಮಕ್ಕಳ ಅಥವಾ ಹೆಂಗಸರ ಚಿತ್ರ ತೆಗೆಯಬಾರದು, "ನಿಮಗೆ ಏನಾಯಿತು" ಎಂದು ಯಾರನ್ನೂ ಕೇಳಬಾರದು. ಕಾಂಬೋಡಿಯಾದ ಬಹುಸಂಖ್ಯಾತರಾದ ಖ್ಮೇರ್ ಜನರಲ್ಲಿ ತಲೆ ಪವಿತ್ರವಾದ ಭಾಗವಾದ್ದರಿಂದ ಮಗುವಿನ ತಲೆ ಸವರುವುದೂ ಸಲ್ಲದು. ಪ್ರೀತಿ ಬಂದಾಗಲೆಲ್ಲ ತಲೆ ನೇವರಿಸಿ ಅಭ್ಯಾಸವಾದ ನಮ್ಮ ಮಕ್ಕಳಿಗೆ ಈ ನಿಯಮವನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ದೇಶದ ಇತಿಹಾಸವನ್ನೂ ಒಂದಿಷ್ಟು ಹೇಳಿಕೊಟ್ಟರು. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟರ ಆಳ್ವಿಕೆಯಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಹಸಿವು, ರೋಗ, ಬಲವಂತದ ದುಡಿಮೆ ಮತ್ತು ಕೊಲೆಗಳಿಂದ ಸತ್ತರು. ಅಲ್ಲಿಗೆ ಹೋದ ಮರುದಿನವೇ ನಮ್ಮನ್ನು ತುಯೋಲ್ ಸ್ಲೆಂಗ್ ಸ್ಮಾರಕಕ್ಕೆ ಕರೆದೊಯ್ದರು. ಒಂದು ಕಾಲಕ್ಕೆ ಪ್ರೌಢಶಾಲೆಯಾಗಿದ್ದ ಆ ಕಟ್ಟಡವನ್ನು ಅಂದಿನ ಆಡಳಿತ ಸೆರೆಮನೆ ಮತ್ತು ಚಿತ್ರಹಿಂಸೆಯ ತಾಣವನ್ನಾಗಿ ಮಾಡಿಕೊಂಡಿತ್ತು. ಶಿಕ್ಷಕರು, ವೈದ್ಯರು, ಭಿಕ್ಷುಗಳು ನಾಶವಾದ ಆ ದೇಶದಲ್ಲಿ ಇಂದಿನ ತಾಯಂದಿರ ತಂದೆತಾಯಿಯರು ಎಂಥ ಬಾಲ್ಯವನ್ನು ಕಳೆದಿರಬಹುದು ಎಂಬುದನ್ನು ತಿಳಿಯದೆ ಅವರ ನಡುವೆ ಸೇವೆಗೆ ನಿಲ್ಲುವುದು ಸಾಧ್ಯವಿಲ್ಲ. ಈ ಭೇಟಿಯನ್ನು ಯಾತ್ರೆಯ ಕೊನೆಗಿಡದೆ ಮೊದಲಿಗೇ ಇಟ್ಟದ್ದಕ್ಕೆ ಸಂಸ್ಥೆಗೆ ನಾನು ಕೃತಜ್ಞಳಾಗಿದ್ದೇನೆ.

ಯಾತ್ರೆಯ ತಿರುಳು ನಗರದ ಹೊರವಲಯದಲ್ಲಿರುವ ಆ ಕೇಂದ್ರ. ಖ್ಮೇರ್ ಮಹಿಳೆಯರೇ ನಡೆಸುವ, ಕ್ರೈಸ್ತ ನಂಬಿಕೆಯಿಂದ ಹುಟ್ಟಿಕೊಂಡ ಈ ಕೇಂದ್ರದಲ್ಲಿ ಒಂದು ಹೊಲಿಗೆ ಶಾಲೆಯೂ ಅದರ ಪಕ್ಕದಲ್ಲಿ ಮಕ್ಕಳ ಆರೈಕೆಯ ಕೋಣೆಯೂ ಇವೆ. ದೇಹವ್ಯಾಪಾರದಿಂದ ಹೊರಬಂದವರು, ಮನೆಯ ಹಿಂಸೆಯಿಂದ ಓಡಿಬಂದವರು, ಸಾಲದಲ್ಲಿ ಮುಳುಗಿದವರು ಬೆಳಿಗ್ಗೆ ಬಂದು ಸಂಜೆ ತಮ್ಮ ತಮ್ಮ ಮನೆಗೆ ಮರಳುತ್ತಾರೆ. ಮಕ್ಕಳನ್ನು ಆಟವಾಡಿಸಿ, ಹಾಡು ಕಲಿಸಿ, ಅಪ್ಪಿಕೊಂಡು ಬರುವುದೇ ಸೇವೆ ಎಂದುಕೊಂಡು ಹೋಗಿದ್ದ ವಿದ್ಯಾರ್ಥಿಗಳಿಗೆ ಕೇಂದ್ರದ ಮೇಲ್ವಿಚಾರಕಿ ಕೊಟ್ಟ ಕೆಲಸಗಳ ಪಟ್ಟಿ ಬೇರೆಯೇ ಆಗಿತ್ತು. ದಾಸ್ತಾನು ಕೋಣೆಯ ಬಟ್ಟೆಯ ಸುರುಳಿಗಳನ್ನು ಅಳೆದು ಲೆಕ್ಕ ಬರೆಯುವುದು, ಗೋಡೆಗೆ ಸುಣ್ಣಬಣ್ಣ ಬಳಿಯುವುದು, ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುವುದು, ಸಂಜೆ ಸಿಬ್ಬಂದಿಗೆ ಪತ್ರವ್ಯವಹಾರದ ಇಂಗ್ಲಿಷ್ ಹೇಳಿಕೊಡುವುದು, ಕೆಟ್ಟುನಿಂತ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವುದು. ಎರಡು ದಿನ ಕೆಲವರ ಮುಖ ಬಾಡಿತ್ತು.

ಯಂತ್ರಗಳ ರಿಪೇರಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ತಂಡದಲ್ಲಿ ಮೆಕ್ಯಾನಿಕಲ್ ಓದುತ್ತಿದ್ದ ಹುಡುಗನೊಬ್ಬನಿದ್ದ. ಅವನ ತಾಯಿ ಮನೆಯಲ್ಲೇ ಬಟ್ಟೆ ಹೊಲಿದು ಅವನನ್ನು ಓದಿಸಿದವರು. ಹಳೆಯ ಜೂಕಿ ಯಂತ್ರವೊಂದು ನೂಲು ಕಡಿಯುತ್ತಿದೆ ಎಂದು ಮೂಲೆಗೆ ಸೇರಿತ್ತು. ಅವನು ಸೂಜಿಯ ಕೆಳಗಿನ ತಗಡನ್ನು ಬಿಚ್ಚಿ, ಹಲ್ಲುಗಳ ನಡುವೆ ಗಟ್ಟಿಯಾಗಿ ಕೂತಿದ್ದ ಬಟ್ಟೆಯ ನಾರನ್ನು ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆದು, ಕೆಳಗಿನ ನೂಲಿನ ಉರುಳೆ ಕೂರುವ ಬಾಬಿನ್ ಕೇಸಿನ ತಿರುಪುಮೊಳೆಯನ್ನು ಕಾಲು ಸುತ್ತಿನಷ್ಟು ಸಡಿಲಿಸಿ, ಎಣ್ಣೆ ಬಿಟ್ಟು ಪಕ್ಕಕ್ಕೆ ಸರಿದು ನಿಂತ. ಯಂತ್ರದ ಮುಂದೆ ಕೂತು ಅದನ್ನು ಪರೀಕ್ಷಿಸಿದವರು ಅಲ್ಲಿನ ಹೆಂಗಸು. ಚಿಂದಿ ಬಟ್ಟೆಯ ಮೇಲೆ ಉದ್ದಕ್ಕೆ ಒಂದು ಹೊಲಿಗೆ ಹಾಕಿ, ಅದನ್ನು ತಿರುಗಿಸಿ ಕೆಳಗಿನ ನೂಲನ್ನು ಉಗುರಿನಿಂದ ಎಬ್ಬಿಸಿ ನೋಡಿ, ಇನ್ನೂ ಸ್ವಲ್ಪ ಬಿಗಿಯಾಗಬೇಕೆಂದು ಬೆರಳಿನಲ್ಲೇ ತೋರಿಸಿದರು. ಅವನು ಮತ್ತೆ ಮೊಳೆ ತಿರುಗಿಸಿದ. ಅವರು ಮತ್ತೆ ಹೊಲಿದು ನೋಡಿ ತಲೆದೂಗಿದರು. ಆ ಹೊತ್ತಿನಲ್ಲಿ ಅಲ್ಲಿ ಬಲ್ಲವರು ಆಕೆ, ಹೇಳಿದಂತೆ ಕೇಳಿ ಕೆಲಸ ಮಾಡುವವನು ನಮ್ಮ ಹುಡುಗ. ಯಾತ್ರೆಯ ಉದ್ದೇಶ ನನಗೆ ಸಂಪೂರ್ಣ ಸಫಲವಾಗಿ ಕಂಡದ್ದು ಇಂಥ ಸಂಬಂಧದಲ್ಲಿ. ವಿದ್ಯಾರ್ಥಿಗಳನ್ನು ಹೆಂಗಸರ ಸಂಕಟದ ಮುಂದೆ ನಿಲ್ಲಿಸುವ ಬದಲು ಅವರ ಕೆಲಸದ ಹಿಂದೆ ನಿಲ್ಲಿಸುವ ಯಾತ್ರೆ ಒಳ್ಳೆಯ ಯಾತ್ರೆ ಎಂಬುದು ನನ್ನ ಅಳತೆಗೋಲು, ಮತ್ತು ಈ ಕೇಂದ್ರ ಆ ಅಳತೆಯಲ್ಲಿ ಎಲ್ಲೂ ಸೋಲಲಿಲ್ಲ.

ಕ್ರೈಸ್ತ ಸೇವೆ ಹೀಗೆ ಕಸುಬಿನ ದಾರಿ ಹಿಡಿಯುವುದು ನಮ್ಮ ಊರಿನವರಿಗೆ ಹೊಸದಾಗಿ ಕಾಣಬೇಕಾಗಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ, ಕ್ರೈಸ್ತ ಸಭೆ ಸೇರಿ ಮನೆತನದ ಆಸರೆ ಕಳೆದುಕೊಂಡವರಿಗಾಗಿ ನೇಯ್ಗೆಯ ಮಗ್ಗಗಳನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ದಾನದ ಅನ್ನಕ್ಕಿಂತ ದುಡಿದ ಕೂಲಿ ಮನುಷ್ಯನನ್ನು ನೆಟ್ಟಗೆ ನಿಲ್ಲಿಸುತ್ತದೆ ಎಂಬುದನ್ನು ಕರಾವಳಿ ಅಂದೇ ಕಂಡಿದೆ.

ಮಕ್ಕಳ ಆರೈಕೆಯ ಕೋಣೆಗೆ ಅರ್ಧ ಎತ್ತರದ ಬಾಗಿಲಿತ್ತು. ವಿದ್ಯಾರ್ಥಿಗಳು ಬೊಬೊರ್ ಎಂಬ ಅಲ್ಲಿನ ಗಂಜಿಯ ಬಟ್ಟಲುಗಳನ್ನು ಆ ಬಾಗಿಲಿನವರೆಗೆ ತಂದು ಒಳಗಿದ್ದ ಆಯಾಗಳ ಕೈಗೆ ಕೊಡುತ್ತಿದ್ದರು, ಒಳಗೆ ಹೋಗುತ್ತಿರಲಿಲ್ಲ. ತಬ್ಬಿಕೊಳ್ಳಲೆಂದು ಓಡಿಬರುವ ಮಗುವನ್ನು ಬಾಗಿಲ ಹೊರಗೆ ನಿಂತು ನೋಡುವುದು ಹತ್ತೊಂಬತ್ತು ವರ್ಷದ ಹುಡುಗಿಗೆ ಸುಲಭವಲ್ಲ, ನಮ್ಮಲ್ಲೊಬ್ಬಳು ಅತ್ತೇಬಿಟ್ಟಳು. ಅಂದು ಸಂಜೆ ಮೇಲ್ವಿಚಾರಕಿ ನಮ್ಮನ್ನು ಕೂರಿಸಿಕೊಂಡು ಕಾರಣ ತಿಳಿಸಿದರು. ಒಮ್ಮೆ ತಾಯಿಯಿಂದ ಅಗಲಿದ ಅಥವಾ ಅಗಲುವ ಭಯದಲ್ಲಿ ಬೆಳೆದ ಮಗು ಹೊಸಬರನ್ನು ಬೇಗ ಹಚ್ಚಿಕೊಳ್ಳುತ್ತದೆ; ಅದನ್ನು ಪ್ರೀತಿ ಎಂದು ತಿಳಿದು ನಾವು ಉಬ್ಬುತ್ತೇವೆ; ಎರಡು ವಾರದಲ್ಲಿ ನಾವು ಹೊರಟುಹೋದಾಗ ಅದು ಮತ್ತೊಮ್ಮೆ ಕೈಬಿಟ್ಟ ಅನುಭವವಾಗಿ ಮಗುವಿನೊಳಗೆ ಉಳಿಯುತ್ತದೆ. ಆದ್ದರಿಂದ ಮಗುವಿನ ಅಪ್ಪುಗೆ ದಿನವೂ ಬರುವ ಆಯಾಗೆ ಮತ್ತು ಸಂಜೆ ಕರೆದೊಯ್ಯುವ ತಾಯಿಗೆ ಸಲ್ಲಬೇಕು. ಈ ಮಾತನ್ನು ಅವರು ಕಟುವಾಗಿ ಹೇಳಲಿಲ್ಲ, ಆದರೆ ಮೃದುಗೊಳಿಸಲೂ ಇಲ್ಲ.

ಹೆಂಗಸರು ಈ ಸ್ಥಿತಿಗೆ ಬಂದದ್ದೇಕೆ ಎಂಬುದರ ಬಗ್ಗೆ ನಡೆದ ಚರ್ಚೆ ಯಾತ್ರೆಯ ಇನ್ನೊಂದು ಗಟ್ಟಿ ಭಾಗ. ಅಪಹರಣಕಾರರು ಹುಡುಗಿಯರನ್ನು ಹೊತ್ತೊಯ್ಯುವ ಚಿತ್ರವೊಂದನ್ನು ತಲೆಯಲ್ಲಿಟ್ಟುಕೊಂಡು ಹೋಗಿದ್ದ ವಿದ್ಯಾರ್ಥಿಗಳ ಮುಂದೆ ಅಲ್ಲಿನ ಸಿಬ್ಬಂದಿ ಇಟ್ಟದ್ದು ಸಾಲದ ಲೆಕ್ಕ. ಭತ್ತದ ಗದ್ದೆ ಕೈಕೊಟ್ಟ ವರ್ಷ ಅಥವಾ ಮನೆಯಲ್ಲಿ ಕಾಯಿಲೆ ಬಂದ ವರ್ಷ ಕುಟುಂಬ ಕಿರುಸಾಲ (ಮೈಕ್ರೋಫೈನಾನ್ಸ್) ಸಂಸ್ಥೆಯಿಂದ ಹಣ ತರುತ್ತದೆ. ಕಾಂಬೋಡಿಯಾದಲ್ಲಿ ಇಂಥ ಸಾಲಕ್ಕೂ ಜಮೀನಿನ ಪತ್ರವನ್ನು ಒತ್ತೆ ಇಡುವ ರೂಢಿ ವ್ಯಾಪಕವಾಗಿದೆ. ಕಂತು ತಪ್ಪಿದರೆ ಜಮೀನು ಹೋಗುತ್ತದೆ. ಮಗಳು ನಗರದ ಗಾರ್ಮೆಂಟ್ ಕಾರ್ಖಾನೆಗೆ ಬರುತ್ತಾಳೆ. ಆ ಉದ್ಯಮದಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರೇ, ಮತ್ತು 2025ರಲ್ಲಿ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 208 ಡಾಲರ್. ಬಾಡಿಗೆ, ಊಟ, ಊರಿಗೆ ಕಳುಹಿಸುವ ಕಂತು ಇವಿಷ್ಟೂ ಅದರಲ್ಲಿ ಹೊಂದದಿದ್ದಾಗ, ದೇಹವ್ಯಾಪಾರದ ಅಂಚಿಗೆ ತಂದು ನಿಲ್ಲಿಸುವ ಕರಾವೋಕೆ ಬಾರು, ಬಿಯರ್ ಅಂಗಡಿಗಳ ಕೆಲಸ ಎದುರಾಗುತ್ತದೆ. ಮೈಕ್ರೋಫೈನಾನ್ಸ್ ಕಂಪನಿಗಳ ವಸೂಲಿ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದನ್ನು ನೆನೆದರೆ, ನಮ್ಮ ಮಕ್ಕಳಿಗೆ ಇದು ಪರದೇಶದ ಕಥೆಯಾಗಿ ಉಳಿಯುವುದಿಲ್ಲ. ಸಂಘದ ಸಾಲದ ವಾರದ ಕಂತಿಗೆ ತಾಯಿ ಒದ್ದಾಡಿದ್ದನ್ನು ಕಂಡ ಹುಡುಗಿಯೊಬ್ಬಳು ನಮ್ಮ ತಂಡದಲ್ಲಿದ್ದಳು. ಅಂದಿನ ಚರ್ಚೆಯಲ್ಲಿ ಎಲ್ಲರಿಗಿಂತ ಚೆನ್ನಾದ ಪ್ರಶ್ನೆಗಳನ್ನು ಕೇಳಿದವಳು ಅವಳೇ.

ನಗರದಿಂದ ಹನ್ನೊಂದು ಕಿಲೋಮೀಟರ್ ದೂರದ ಸ್ವಾಯ್ ಪಾಕ್ ಒಂದು ಕಾಲಕ್ಕೆ ಎಳೆಯ ಮಕ್ಕಳನ್ನು ಮಾರುವ ಜಾಗವೆಂದು ಜಗತ್ತಿನಲ್ಲೇ ಕುಖ್ಯಾತವಾಗಿತ್ತು. ಪೊಲೀಸ್ ದಾಳಿಗಳು, 2008ರ ಮಾನವ ಸಾಗಣೆ ತಡೆ ಕಾನೂನು, ಕ್ರೈಸ್ತ ಮತ್ತು ಇತರ ಸಂಘಟನೆಗಳ ವರ್ಷಾನುಗಟ್ಟಲೆಯ ದುಡಿಮೆ ಇವೆಲ್ಲ ಸೇರಿ ಆ ಬಹಿರಂಗ ವ್ಯಾಪಾರವನ್ನು ಬಹಳ ಮಟ್ಟಿಗೆ ಕುಗ್ಗಿಸಿವೆ. ಇಂಥ ಸಂಘಟನೆಗಳನ್ನು ಒಂದುಗೂಡಿಸಲು 2005ರಲ್ಲಿ ಹುಟ್ಟಿದ ಚಾಬ್ ದಾಯ್ ಒಕ್ಕೂಟ, ಪಾರಾಗಿ ಬಂದವರ ಬದುಕು ಮುಂದೆ ಏನಾಯಿತೆಂಬುದನ್ನು ಹತ್ತು ವರ್ಷಗಳ ಕಾಲ ಬೆನ್ನುಹತ್ತಿ ಅಧ್ಯಯನ ಮಾಡಿದೆ. ಯಾತ್ರೆಯ ಕರಪತ್ರದಲ್ಲಿ ಮಾತ್ರ ಇಪ್ಪತ್ತು ವರ್ಷಗಳ ಹಿಂದಿನ ಭೀಕರ ಚಿತ್ರವೇ ಇಂದಿನದೆಂಬಂತೆ ಮುದ್ರಿತವಾಗಿತ್ತು. ದೇಣಿಗೆ ಹರಿದುಬರಲೆಂದು ಒಂದು ದೇಶದ ಹೆಣ್ಣುಮಕ್ಕಳನ್ನು ಹಾಗೆ ಬಣ್ಣಿಸುವುದು ಅನ್ಯಾಯ. ಆ ಕರಪತ್ರವನ್ನು ಹೊಸದಾಗಿ ಬರೆಯಬೇಕು.

ನಂಬಿಕೆಯ ವಿಷಯದಲ್ಲಿ ಯಾತ್ರೆ ನಡೆದುಕೊಂಡ ರೀತಿ ನನಗೆ ಹಿಡಿಸಿತು. ಕಾಂಬೋಡಿಯಾದ ರಾಜ್ಯಧರ್ಮ ಬೌದ್ಧಧರ್ಮ. ಬೌದ್ಧರಲ್ಲದವರು ಮನೆಮನೆಗೆ ಹೋಗಿ ಧರ್ಮಪ್ರಚಾರ ಮಾಡುವುದಕ್ಕೂ, ಹಣ ಅಥವಾ ವಸ್ತುವಿನ ಆಮಿಷ ತೋರಿಸಿ ಮತಾಂತರಿಸುವುದಕ್ಕೂ ಅಲ್ಲಿ ನಿಷೇಧವಿದೆ. ಕೇಂದ್ರದಲ್ಲಿ ಬೆಳಗಿನ ಪ್ರಾರ್ಥನೆ ಖ್ಮೇರ್ ಭಾಷೆಯಲ್ಲಿ ನಡೆಯುತ್ತಿತ್ತು. ಬರಲೇಬೇಕೆಂಬ ಒತ್ತಾಯ ಯಾರಿಗೂ ಇರಲಿಲ್ಲ, ಪ್ರಾರ್ಥನೆಗೆ ಬಾರದವರ ಕೂಲಿಯಲ್ಲಿ, ಊಟದಲ್ಲಿ ವ್ಯತ್ಯಾಸವೂ ಇರಲಿಲ್ಲ. ಕ್ರೈಸ್ತಳಾಗಿ ನಾನು ಹೇಳುವುದಿಷ್ಟು: ಹಸಿದವರ ಮುಂದೆ ಅನ್ನವನ್ನೂ ಸುವಾರ್ತೆಯನ್ನೂ ಒಂದೇ ತಟ್ಟೆಯಲ್ಲಿಟ್ಟು "ಎರಡನ್ನೂ ತೆಗೆದುಕೊಂಡರೆ ಮಾತ್ರ" ಎನ್ನುವುದು ಕ್ರಿಸ್ತನು ತೋರಿದ ದಾರಿಯಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಆತನ ಮಾತನ್ನು ತಂಡದ ಮುಖ್ಯಸ್ಥರು ಚಿತ್ರಗಳ ವಿಷಯಕ್ಕೂ ಅನ್ವಯಿಸಿದರು. ಕೇಂದ್ರದ ಬಾಗಿಲಲ್ಲಿ ಒಂದು ಬೆತ್ತದ ಬುಟ್ಟಿ ಇತ್ತು, ಎಲ್ಲರ ಫೋನುಗಳೂ ಸಂಜೆಯವರೆಗೆ ಅದರಲ್ಲಿರುತ್ತಿದ್ದವು.

ಒಂದು ಮಧ್ಯಾಹ್ನ ನಮ್ಮನ್ನು 'ಡಾಟರ್ಸ್ ಆಫ್ ಕಾಂಬೋಡಿಯಾ' ಸಂಸ್ಥೆಯ ಸಂದರ್ಶಕ ಕೇಂದ್ರಕ್ಕೆ ಕರೆದೊಯ್ದರು. 2007ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರಜ್ಞೆ ರೂತ್ ಎಲಿಯಟ್ ಆರಂಭಿಸಿದ ಈ ಕ್ರೈಸ್ತ ಸಂಸ್ಥೆ, ದೇಹವ್ಯಾಪಾರ ಬಿಟ್ಟು ಬರುವವರಿಗೆ ಕೆಲಸ, ಆಪ್ತಸಮಾಲೋಚನೆ ಮತ್ತು ಮಕ್ಕಳ ಆರೈಕೆ ಒದಗಿಸುತ್ತದೆ. ಅಂಗಡಿ, ಕೆಫೆ, ಕೈಕಾಲುಗಳ ಮಸಾಜ್ ಎಲ್ಲವೂ ಒಂದೇ ಕಡೆ ಇವೆ. ಬಟ್ಟೆಯ ಚೀಲದ ಹೊಲಿಗೆ ಅಚ್ಚುಕಟ್ಟಾಗಿತ್ತು. ನಾನು ಒಳಗಿನ ಅಂಚನ್ನು ತಿರುಗಿಸಿ ನೋಡಿದೆ, ಎಲ್ಲಿಯೂ ನೂಲು ಬಿಟ್ಟಿರಲಿಲ್ಲ. ಬೆಲೆ ಪೇಟೆಯ ಚೀಲಗಳಿಗಿಂತ ಹೆಚ್ಚು, ಆದರೆ ಕನಿಕರಕ್ಕಾಗಿ ಕೊಟ್ಟ ಹಣವೆನಿಸುವಂತೆ ಇರಲಿಲ್ಲ. ಕೇಕು ಮತ್ತು ಕಾಫಿ ಎರಡೂ ಚೆನ್ನಾಗಿದ್ದವು. ಸೇವೆ ಮಾಡಲು ಬಂದವರು ಗಿರಾಕಿಗಳಾಗಿ ಕೂತು, ಬಡಿಸಿದ್ದನ್ನು ತಿಂದು, ಬೆಲೆ ಕೊಟ್ಟು ಏಳುವ ಈ ಅನುಭವಕ್ಕೆ ಅರ್ಧ ದಿನ ಸಾಲದು.

ಇನ್ನು ನನ್ನ ಮುಖ್ಯ ಆಕ್ಷೇಪಣೆ. ಹೊರಡುವ ಹಿಂದಿನ ದಿನ ನಮ್ಮನ್ನು ನಗರದಾಚೆಯ ಒಂದು ಮಕ್ಕಳ ಮನೆಗೆ, ಅಂದರೆ ಅನಾಥಾಲಯಕ್ಕೆ, ಕರೆದೊಯ್ಯಲಾಯಿತು. ಆ ಮನೆಗೂ ನಾವು ಕೆಲಸ ಮಾಡಿದ ಕೇಂದ್ರಕ್ಕೂ ಸಂಬಂಧವಿಲ್ಲ. ಸಾಲಾಗಿ ನಿಂತ ಮಕ್ಕಳು ನಮಗಾಗಿ ಹಾಡಿದರು, ನೃತ್ಯ ಮಾಡಿದರು, ಒಬ್ಬೊಬ್ಬರೂ ಬಂದು ಕೈಹಿಡಿದು ಅಂಗಳ ತೋರಿಸಿದರು. ಫೋನುಗಳನ್ನು ಯಾರೂ ಕೇಳಿ ಇಟ್ಟುಕೊಳ್ಳಲಿಲ್ಲ. ಶನಿವಾರದ ತರಗತಿಗಳಲ್ಲಿ ಸಹಿ ಹಾಕಿಸಿಕೊಂಡ ನಿಯಮಗಳಲ್ಲಿ ಒಂದೂ ಅಲ್ಲಿ ಉಳಿಯಲಿಲ್ಲ. ಗೇಟಿನ ಬಳಿ ದೇಣಿಗೆಯ ಪೆಟ್ಟಿಗೆ ಇತ್ತು. ಏಕೆ ಕರೆತಂದಿರಿ ಎಂದು ನಾನು ಸಂಘಟಕರನ್ನು ಕೇಳಿದಾಗ, ಮಕ್ಕಳನ್ನು ನೋಡದೆ ಹಿಂದಿರುಗಿದರೆ ವಿದ್ಯಾರ್ಥಿಗಳಿಗೆ ನಿರಾಸೆಯಾಗುತ್ತದೆ, ಊರಿನಲ್ಲಿ ಹಣ ಕೊಟ್ಟವರೂ ಮಕ್ಕಳ ಬಗ್ಗೆ ಕೇಳುತ್ತಾರೆ ಎಂಬ ಉತ್ತರ ಬಂತು.

ಈ ಉತ್ತರವನ್ನು ಒಪ್ಪಲು ಸಾಧ್ಯವಿಲ್ಲ, ಏಕೆಂದರೆ ಕಾಂಬೋಡಿಯಾದಲ್ಲಿ ಇಂಥ ಭೇಟಿಗಳ ಪರಿಣಾಮವೇನೆಂಬುದು ಎಲ್ಲರಿಗೂ ತಿಳಿದ ಸಂಗತಿ. 2005ರಲ್ಲಿ 154 ಇದ್ದ ಅನಾಥಾಲಯಗಳು 2010ರ ಹೊತ್ತಿಗೆ 269 ಆದವು. ಅದೇ ಅವಧಿಯಲ್ಲಿ ದೇಶ ಯುದ್ಧದಿಂದ ಚೇತರಿಸಿಕೊಳ್ಳುತ್ತಿತ್ತು, ಪ್ರವಾಸಿಗರ ಸಂಖ್ಯೆ ಮಾತ್ರ ಏರುತ್ತಿತ್ತು. ಯುನಿಸೆಫ್ ನೆರವಿನಿಂದ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ, ಆ ಸಂಸ್ಥೆಗಳಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಎಂದು ತೋರಿಸಿತು. ಓದು ಸಿಗುತ್ತದೆ, ಊಟ ಸಿಗುತ್ತದೆ ಎಂಬ ಆಸೆಯಿಂದ ಬಡ ತಾಯಿ ಮಗುವನ್ನು ಬಿಟ್ಟುಹೋಗುತ್ತಾಳೆ. ನೋಡಲು ಬರುವ ಅತಿಥಿಗಳ ಹಣದಿಂದ ಮನೆ ನಡೆಯುತ್ತದೆ. ಅತಿಥಿಗಳು ಬರುತ್ತಿರಬೇಕಾದರೆ ಮಕ್ಕಳು ಅಲ್ಲಿಯೇ ಇರಬೇಕಾಗುತ್ತದೆ. ಮಕ್ಕಳು ಪ್ರವಾಸಿಗರ ನೋಟದ ವಸ್ತುಗಳಲ್ಲ ಎಂಬ ಆಂದೋಲನವನ್ನು ನೋಮ್ ಪೆನ್‌ನ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ಬಹಳ ಹಿಂದೆಯೇ ಆರಂಭಿಸಿದೆ. ಸಂಸ್ಥೆಗಳಲ್ಲಿರುವ ಮಕ್ಕಳನ್ನು ಕುಟುಂಬಗಳಿಗೆ ಮರಳಿಸುವ ಕಾರ್ಯಕ್ರಮವನ್ನು ಕಾಂಬೋಡಿಯಾ ಸರ್ಕಾರವೇ ಹಮ್ಮಿಕೊಂಡಿದೆ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಈ ಬಗೆಯ ಭೇಟಿಗಳ ಹಾನಿಯನ್ನು ಎತ್ತಿ ಹೇಳಿದೆ. ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ಪರಾಮರಿಸಬೇಕೆಂದು ಯಾಕೋಬನ ಪತ್ರಿಕೆ ಹೇಳುತ್ತದೆ. ತಾಯಿ ಇರುವ ಮಗುವನ್ನು ದಿಕ್ಕಿಲ್ಲದ ಮಗುವನ್ನಾಗಿ ಮಾಡುವ ವ್ಯವಸ್ಥೆಗೆ ಹಣ ಹಾಕಲು ಆ ವಚನದಲ್ಲಿ ಎಡೆಯಿಲ್ಲ. ತಾಯಿಗೆ ಕೆಲಸ ಕೊಟ್ಟು ಸಂಜೆ ಮಗುವನ್ನು ಅವಳ ಕೈಗೇ ಒಪ್ಪಿಸುವ ಕೇಂದ್ರದಲ್ಲಿ ಅಷ್ಟು ದಿನ ದುಡಿದವರನ್ನು ಕೊನೆಗೆ ಇಲ್ಲಿ ತಂದು ನಿಲ್ಲಿಸಿದ್ದು ನನಗೆ ಬಹಳ ನೋವು ಕೊಟ್ಟಿತು. ಹಿಂದಿರುಗಿದ ಮೇಲೆ ಇದನ್ನು ಸಂಸ್ಥೆಗೆ ಲಿಖಿತವಾಗಿ ತಿಳಿಸಿದ್ದೇನೆ; ಮುಂದಿನ ಯಾತ್ರೆಯಲ್ಲಿ ಮರುಪರಿಶೀಲಿಸುವುದಾಗಿ ಉತ್ತರಿಸಿದ್ದಾರೆ, ಕೈಬಿಡುವುದಾಗಿ ಹೇಳಿಲ್ಲ.

ವೆಚ್ಚದ ಬಗ್ಗೆ: ವಿಮಾನ, ವೀಸಾ, ವಿಮೆ, ವಸತಿ ಸೇರಿ ತಲಾ ಒಂದು ಲಕ್ಷ ರೂಪಾಯಿಗಿಂತ ಸ್ವಲ್ಪ ಹೆಚ್ಚಾಯಿತು. ಅದು ಅಲ್ಲಿನ ಗಾರ್ಮೆಂಟ್ ಕೆಲಸಗಾರ್ತಿಯ ಸುಮಾರು ಆರು ತಿಂಗಳ ಕನಿಷ್ಠ ವೇತನ. ಈ ಹಣವನ್ನು ನೇರವಾಗಿ ಕಳುಹಿಸಬಹುದಿತ್ತಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬರಿಯ ಉಪಕಾರದ ಲೆಕ್ಕ ಹಾಕಿದರೆ ಉತ್ತರ ಹೌದು. ಆದ್ದರಿಂದ ಇದನ್ನು ಉಪಕಾರವೆಂದು ಕರೆಯದೆ ನಮ್ಮ ಮಕ್ಕಳ ಶಿಕ್ಷಣದ ಖರ್ಚೆಂದು ಕರೆದು, ಅದರ ಜೊತೆಗೆ ಕೇಂದ್ರಕ್ಕೆ ಸಲ್ಲುವ ಪಾಲನ್ನು ಪ್ರತ್ಯೇಕವಾಗಿ ತೋರಿಸುವುದು ಪ್ರಾಮಾಣಿಕತೆ. ಸಂಸ್ಥೆ ಒಂದು ಪಾಲನ್ನು ಕೇಂದ್ರಕ್ಕೆ ಕೊಟ್ಟಿದೆ, ಆದರೆ ಬಿಡಿಬಿಡಿಯಾದ ಲೆಕ್ಕಪತ್ರ ನಮ್ಮ ಕೈಗೆ ಬಂದಿಲ್ಲ. ಅರ್ಧ ಅಂಕವನ್ನು ನಾನು ಕಡಿತಗೊಳಿಸಿರುವುದು ಇದಕ್ಕಾಗಿ.

ವಸತಿ ಸರಳವಾಗಿ, ಶುಚಿಯಾಗಿ ಇತ್ತು. ಹುಡುಗಿಯರಿಗೆ ಪ್ರತ್ಯೇಕ ಮಹಡಿ, ಅಲ್ಲಿಯೇ ಒಬ್ಬ ಹಿರಿಯರ ಕೋಣೆ. ಊಟಕ್ಕೆ ಅನ್ನವೇ ಪ್ರಧಾನವಾದ್ದರಿಂದ ಕರಾವಳಿಯವರಿಗೆ ತೊಂದರೆಯಾಗದು, ಬೆಳಗಿನ ಹಂದಿಮಾಂಸದ ಅನ್ನ ನಮ್ಮ ಹುಡುಗರಿಗೆ ಬಹಳ ಹಿಡಿಸಿತು. ಸಸ್ಯಾಹಾರಿಗಳು ಮಾತ್ರ ಮೊದಲೇ ತಿಳಿಸಿರಬೇಕು. ತರಕಾರಿಯ ಸಾರಿಗೂ ಪ್ರಹೋಕ್ ಎಂಬ ಹುಳಿಬಂದ ಮೀನಿನ ಗೊಜ್ಜನ್ನೋ ಮೀನಿನ ರಸವನ್ನೋ ಬೆರೆಸುವುದು ಅಲ್ಲಿ ಸಾಮಾನ್ಯ.

ಹಣ ಕಟ್ಟುವ ಮೊದಲು ಪೋಷಕರು ಸಂಘಟಕರಿಂದ ಪೂರ್ತಿ ದಿನಚರಿಯನ್ನು ಬರಹದಲ್ಲಿ ಪಡೆಯಬೇಕು. ಅದರಲ್ಲಿ ಅನಾಥಾಲಯದ ಅಥವಾ ಮಕ್ಕಳ ಮನೆಯ ಭೇಟಿ ಇದ್ದರೆ ಅದನ್ನು ತೆಗೆಯುವಂತೆ ಒತ್ತಾಯಿಸಬೇಕು, ತೆಗೆಯದಿದ್ದರೆ ಮಗುವನ್ನು ಕಳುಹಿಸಬಾರದು. ಹೊಲಿಗೆ, ಲೆಕ್ಕಪತ್ರ, ಯಂತ್ರಗಳ ರಿಪೇರಿ, ಶುಶ್ರೂಷೆ, ಕಂಪ್ಯೂಟರ್ ಹೀಗೆ ಒಂದು ಕೈಕೆಲಸ ಬಲ್ಲ ವಿದ್ಯಾರ್ಥಿಗಳಿಗೆ ಈ ಯಾತ್ರೆ ಹೆಚ್ಚು ಫಲ ಕೊಡುತ್ತದೆ. ಕಾಲದ ಆಯ್ಕೆಯಲ್ಲೂ ಎಚ್ಚರ ಬೇಕು. ಏಪ್ರಿಲ್ ನಡುವೆ, ನಮ್ಮ ಬಿಸು ಹಬ್ಬದ ಸಮಯಕ್ಕೇ ಖ್ಮೇರ್ ಹೊಸ ವರ್ಷ ಬರುತ್ತದೆ, ಮಹಾಲಯದ ಆಸುಪಾಸಿನಲ್ಲಿ ಹಿರಿಯರಿಗೆ ಎಡೆ ಇಡುವ ಪ್ಚುಂ ಬೆನ್ ಬರುತ್ತದೆ. ಎರಡೂ ಸಲ ಹೆಂಗಸರು ಮಕ್ಕಳೊಂದಿಗೆ ಊರಿಗೆ ಹೋಗಿರುತ್ತಾರೆ, ಕೇಂದ್ರ ಮುಚ್ಚಿರುತ್ತದೆ. ಮಳೆ ಕಳೆದು ಸೆಕೆ ಏರುವ ಮುನ್ನಿನ ನವೆಂಬರ್‌ನಿಂದ ಫೆಬ್ರುವರಿಯ ದಿನಗಳೇ ಸೂಕ್ತ. ನಮ್ಮ ಕಾಲೇಜುಗಳ ಸೆಮಿಸ್ಟರ್ ಪರೀಕ್ಷೆಗಳೂ ಆ ನಡುವೆಯೇ ಬರುವುದರಿಂದ, ದಿನಾಂಕಗಳನ್ನು ಜೂನ್ ತಿಂಗಳಲ್ಲೇ ಕಾಲೇಜಿನೊಂದಿಗೂ ಕೇಂದ್ರದೊಂದಿಗೂ ಮಾತಾಡಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.